ಮಮ್ರೆಯ ಗುಡಾರದಿಂದ ಸೊದೋಮಿನ ಹೆಬ್ಬಾಗಿಲಿನವರೆಗೆ

ಆದಿಕಾಂಡದ 18ನೆಯ ಅಧ್ಯಾಯ ತೆರೆದುಕೊಳ್ಳುವುದು ನಡುಹಗಲಿನ ಬಿಸಿಲಿಗೆ. ಹೆಬ್ರೋನಿನ ಹತ್ತಿರ, ಮಮ್ರೆಯ ಮರಗಳ ನಡುವೆ ಒಂದು ಗುಡಾರ; ಅದರ ಬಾಗಿಲಲ್ಲಿ 99 ವರ್ಷದ ಅಬ್ರಹಾಮ ಕುಳಿತಿದ್ದಾನೆ. ತಲೆಯೆತ್ತಿ ನೋಡಿದರೆ ಎದುರಿಗೆ ಮೂವರು ಅಪರಿಚಿತರು. ಮುದುಕ ಎದ್ದು ಓಡುತ್ತಾನೆ, ನೆಲಕ್ಕೆ ಬಾಗುತ್ತಾನೆ. ಕಾಲಿಗೆ ನೀರು, ಮರದ ನೆರಳು, ಒಂದು ತುಂಡು ರೊಟ್ಟಿ, ಇಷ್ಟನ್ನು ಸ್ವೀಕರಿಸಿ ಮುಂದಕ್ಕೆ ಹೋಗಬೇಕೆಂದು ಬೇಡಿಕೊಳ್ಳುತ್ತಾನೆ. ಮುಂದಿನ ಅಧ್ಯಾಯದ ಹೊತ್ತಿಗೆ ಸಂಜೆಯಾಗಿದೆ. ಆ ಮೂವರಲ್ಲಿ ಇಬ್ಬರು ಸೊದೋಮ್ ಪಟ್ಟಣದ ಹೆಬ್ಬಾಗಿಲು ಮುಟ್ಟಿದ್ದಾರೆ. ಅಲ್ಲಿ ಅವರನ್ನು ಒಳಕ್ಕೆ ಕರೆದುಕೊಂಡವನ ಮನೆಯನ್ನು ಊರಿಗೆ ಊರೇ ಬಂದು ಮುತ್ತುತ್ತದೆ. ಹಗಲಿನ ಗುಡಾರವನ್ನೂ ಇರುಳಿನ ಪಟ್ಟಣವನ್ನೂ ಯಹೂದಿಗಳ ಧರ್ಮಗ್ರಂಥವಾದ ತೋರಾ ಹೀಗೆ ಒಂದರ ಪಕ್ಕದಲ್ಲಿ ಒಂದನ್ನು ಇಟ್ಟಿದೆ. ಯಹೂದಿ ವ್ಯಾಖ್ಯಾನಕಾರರು ಒಂದೂವರೆ ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಆತಿಥ್ಯ ಮತ್ತು ಜಿಪುಣತನ ಎಂಬ ಎರಡು ವಿಷಯಗಳನ್ನು ಮುಖ್ಯವಾಗಿ ಈ ಎರಡು ಅಧ್ಯಾಯಗಳ ಮೂಲಕವೇ ಯೋಚಿಸಿದ್ದಾರೆ.

ಈ ಯೋಚನೆಯ ಮುಖ್ಯ ನೆಲೆಗಳು ಕೆಲವು. ಸುಮಾರು ಕ್ರಿ.ಶ. 200ರಲ್ಲಿ ಸಂಕಲನಗೊಂಡ ಯಹೂದಿ ಕಾನೂನಿನ ಸಂಗ್ರಹವಾದ ಮಿಶ್ನಾ, ಆದಿಕಾಂಡದ ಮೇಲಿನ ಪುರಾತನ ವ್ಯಾಖ್ಯಾನವಾದ ಬೆರೇಶೀತ್ ರಬ್ಬಾ, ಮಿಶ್ನಾದ ಮೇಲಿನ ಚರ್ಚೆಗಳ ಸಂಗ್ರಹವಾದ ಬಾಬಿಲೋನಿಯದ ತಾಲ್ಮೂದ್, ಅವುಗಳ ನಂತರ ಫ್ರಾನ್ಸಿನ ತ್ರ್ವಾ ಪಟ್ಟಣದ ರಾಶಿ (1040–1105) ಮತ್ತು ಸ್ಪೇನಿನ ಗಿರೋನಾದ ನಹ್ಮನಿಡಿಸ್ (1194–1270). ಇವರೆಲ್ಲ ಬಳಸುವ ಎರಡು ಮಾತುಗಳನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಅತಿಥಿ ಸತ್ಕಾರಕ್ಕೆ ಹೀಬ್ರೂವಿನಲ್ಲಿ ಹಖ್ನಾಸತ್ ಒರ್ಖಿಮ್ ಎನ್ನುತ್ತಾರೆ. ದಾರಿಹೋಕರನ್ನು ಒಳಕ್ಕೆ ಕರೆತರುವುದು ಎಂದು ಅದರ ಅರ್ಥ. ಕರೆದ ನೆಂಟರಿಗಿಂತ ಹಾದಿಯಲ್ಲಿ ಹೋಗುವ ಗುರುತಿಲ್ಲದವನೇ ಇಲ್ಲಿ ಮೊದಲ ಅತಿಥಿ. ಜಿಪುಣನಿಗೆ ಇರುವ ಹೆಸರು ತ್ಸರ್ ಅಯಿನ್, ಅಂದರೆ ಇಕ್ಕಟ್ಟಾದ ಕಣ್ಣಿನವನು. ಕನ್ನಡದಲ್ಲಿ ಜಿಪುಣತನ ಕೈಯ ದೋಷ. ಕೈಬಿಗಿ ಎನ್ನುತ್ತೇವೆ, ಎಂಜಲ ಕೈಯಲ್ಲಿ ಕಾಗೆ ಓಡಿಸದವನು ಎನ್ನುತ್ತೇವೆ. ಹೀಬ್ರೂ ಸಂಪ್ರದಾಯದಲ್ಲಿ ಅದು ಕಣ್ಣಿನ ದೋಷ. ಕೈ ಮುಚ್ಚಿಕೊಳ್ಳುವ ಮೊದಲೇ, ಎದುರಿಗೆ ಬಂದವನನ್ನು ನೋಡುವ ನೋಟದಲ್ಲೇ ಅದು ಹುಟ್ಟಿರುತ್ತದೆ. ಮಿಶ್ನಾದ ಪಿತೃವಾಕ್ಯಗಳ ಭಾಗ ಅಬ್ರಹಾಮನ ಶಿಷ್ಯರನ್ನು ಗುರುತಿಸುವಾಗ ಮೊದಲಿಗೆ ಹೇಳುವುದು ಒಳ್ಳೆಯ ಕಣ್ಣನ್ನು. ಬೈಬಲಿನ ದುಷ್ಟ ಪ್ರವಾದಿ ಬಿಳಾಮನ ಶಿಷ್ಯರಿಗೆ ಕೆಟ್ಟ ಕಣ್ಣನ್ನು.

ಅಬ್ರಹಾಮನ ಕಣ್ಣು ಆ ಮಧ್ಯಾಹ್ನ ಏನನ್ನು ಹುಡುಕುತ್ತಿತ್ತು ಎಂಬುದಕ್ಕೆ ತಾಲ್ಮೂದಿನ ಬಾವಾ ಮೆತ್ಸಿಯಾ ಸಂಪುಟ ಒಂದು ಕಥೆ ಕಟ್ಟುತ್ತದೆ. ಅದು ಅಬ್ರಹಾಮನಿಗೆ ಸುನ್ನತಿಯಾದ ಮೂರನೆಯ ದಿನ, ನೋವು ಹೆಚ್ಚಿರುವ ದಿನ. ಅತಿಥಿಗಳು ಬಂದು ಅವನಿಗೆ ಶ್ರಮವಾಗದಿರಲಿ ಎಂದು ದೇವರು ಸೂರ್ಯನನ್ನು ಒರೆಯಿಂದ ಹೊರಗೆಳೆದು ದಾರಿಗಳನ್ನೆಲ್ಲ ಕಾಯಿಸಿದ. ಅಬ್ರಹಾಮ ಸೇವಕ ಎಲೀಯೆಜರನನ್ನು ಕಳಿಸಿ ಯಾರಾದರೂ ಬರುತ್ತಿದ್ದಾರೆಯೇ ನೋಡಲು ಹೇಳಿದ. ಸೇವಕ ಯಾರೂ ಇಲ್ಲವೆಂದು ತಿರುಗಿ ಬಂದ. ಅವನ ಮಾತಿನಲ್ಲಿ ನಂಬಿಕೆ ಸಾಲದೆ ಅಬ್ರಹಾಮ ತಾನೇ ಬಾಗಿಲಿಗೆ ಬಂದ. ಬಂದವರಿಲ್ಲವೆಂದು ಅವನು ಪಡುವ ಸಂಕಟವನ್ನು ನೋಡಲಾರದೆ ದೇವರು ದೂತರನ್ನು ಮನುಷ್ಯರ ವೇಷದಲ್ಲಿ ಕಳಿಸಿದ ಎಂದು ರಾಶಿ ಪೂರ್ಣಗೊಳಿಸುತ್ತಾನೆ. ಗಾಯದ ನೋವಿಗಿಂತ ಬಾಗಿಲಿಗೆ ಯಾರೂ ಬಾರದ ನೋವು ಹೆಚ್ಚಾಯಿತು ಎಂಬ ಕಲ್ಪನೆ ಇಡೀ ವ್ಯಾಖ್ಯಾನ ಪರಂಪರೆಯಲ್ಲೇ ಅತ್ಯಂತ ಕೋಮಲವಾದವುಗಳಲ್ಲಿ ಒಂದು.

ಇನ್ನೂ ದಿಟ್ಟವಾದ ಒಂದು ಓದು ಇದೆ. ಅಧ್ಯಾಯದ ಮೊದಲ ಸಾಲಿನ ಪ್ರಕಾರ ಆಗ ಅಬ್ರಹಾಮನಿಗೆ ದೇವದರ್ಶನವಾಗುತ್ತಿತ್ತು. ಮೂವರು ಕಂಡ ಕೂಡಲೇ ಅವನು ಆಡುವ ಒಡೆಯನೇ ಎಂಬ ಸಂಬೋಧನೆ ಯಾರಿಗೆ? ಅತಿಥಿಗಳಲ್ಲಿ ಹಿರಿಯನಿಗೆ ಎಂಬುದು ಒಂದು ಅರ್ಥ. ದೇವರಿಗೆ ಎಂಬುದು ಇನ್ನೊಂದು. ಎಂದರೆ ದಾರಿಹೋಕರನ್ನು ಉಪಚರಿಸಿ ಬರುವವರೆಗೆ ಕಾದಿರಬೇಕೆಂದು ಅವನು ದೇವರನ್ನೇ ಕೇಳಿಕೊಂಡ. ರಾಶಿ ಎರಡೂ ಅರ್ಥಗಳನ್ನು ಕೊಡುತ್ತಾನೆ. ಬಾಬಿಲೋನಿಯದ ರವ್ ಎಂಬ ಗುರು ಎರಡನೆಯ ಅರ್ಥವನ್ನು ಹಿಡಿದು, ಅತಿಥಿಯನ್ನು ಬರಮಾಡಿಕೊಳ್ಳುವುದು ದೇವಸಾನ್ನಿಧ್ಯವನ್ನು ಎದುರ್ಗೊಳ್ಳುವುದಕ್ಕಿಂತ ದೊಡ್ಡದು ಎಂಬ ತೀರ್ಮಾನಕ್ಕೆ ಬಂದ. ಆ ತೀರ್ಮಾನ ತಾಲ್ಮೂದಿನ ಶಬ್ಬಾತ್ ಸಂಪುಟದಲ್ಲಿ ದಾಖಲಾಗಿದೆ.

ಮುಂದಿನ ವಾಕ್ಯಗಳಲ್ಲಿ ತೋರಾ ಅವಸರದ ಕ್ರಿಯಾಪದಗಳನ್ನು ಪೇರಿಸುತ್ತದೆ. ಎರಡು ಬಾರಿ ಓಡಿದ, ಮೂರು ಬಾರಿ ತ್ವರೆಯ ಮಾತು. ಬಾಯಲ್ಲಿ ಹೇಳಿದ್ದು ರೊಟ್ಟಿಯ ಒಂದು ತುಂಡು. ಒಲೆಯ ಮೇಲೆ ಏರಿದ್ದು ಮೂರು ಸೆಆ ನಯವಾದ ಹಿಟ್ಟಿನ ರೊಟ್ಟಿಗಳು, ಅಂದರೆ ಈಗಿನ ಅಳತೆಯಲ್ಲಿ 20 ಲೀಟರಿಗೂ ಮಿಕ್ಕಿದ ಹಿಟ್ಟು. ಅದರ ಜೊತೆಗೆ ಎಳೆಗರು, ಮೊಸರು, ಹಾಲು. ಮೂಲದಲ್ಲಿ ಕರುವನ್ನು ಬಣ್ಣಿಸುವ ಮೂರು ಪದಗಳನ್ನು ತಾಲ್ಮೂದ್ ಮೂರು ಕರುಗಳೆಂದು ಓದುತ್ತದೆ. ಒಬ್ಬೊಬ್ಬ ಅತಿಥಿಗೂ ಒಂದೊಂದು ಇಡೀ ನಾಲಗೆಯನ್ನು ಸಾಸಿವೆಯೊಡನೆ ಬಡಿಸಬೇಕಿತ್ತಂತೆ. ಅಡುಗೆಮನೆಯ ಇಂಥ ಸಣ್ಣ ವಿವರಕ್ಕೆ ಗುರುಗಳು ಇಳಿಯುವುದು ಉತ್ಪ್ರೇಕ್ಷೆಯ ಆಸೆಗಲ್ಲ. ಹೇಳಿದ್ದಕ್ಕೂ ಬಡಿಸಿದ್ದಕ್ಕೂ ನಡುವಿನ ಅಂತರ ಎಷ್ಟು ದೊಡ್ಡದೆಂದು ಓದುಗನ ಕಣ್ಣಿಗೆ ಕಾಣಬೇಕು. ರಬ್ಬಿ ಎಲಾಜಾರ್ ಇದರಿಂದ ಒಂದು ನಿಯಮವನ್ನೇ ತೆಗೆದ: ಸಜ್ಜನರು ಸ್ವಲ್ಪ ಹೇಳಿ ಬಹಳ ಮಾಡುತ್ತಾರೆ. ಆತಿಥ್ಯವನ್ನು ಅಳೆಯಬೇಕಾದದ್ದು ಬಾಯಿಗೂ ಕೈಗೂ ನಡುವಿನ ಈ ಅಂತರದಲ್ಲಿ ಎಂಬುದು ಇಡೀ ಪರಂಪರೆಯ ತಿರುಳು.

ಅಬ್ರಹಾಮನನ್ನು ಹೊಗಳುವಾಗಲೂ ವ್ಯಾಖ್ಯಾನಕಾರರ ಕಣ್ಣು ತಪ್ಪುವುದಿಲ್ಲ. ಊಟವನ್ನು ಅವನೇ ಎತ್ತಿಕೊಟ್ಟ, ಮರದಡಿ ಅವರ ಬಳಿ ಅವನೇ ನಿಂತ. ಆದರೆ ಕಾಲ್ತೊಳೆಯುವ ನೀರನ್ನು ಮಾತ್ರ ಬೇರೆಯವರ ಕೈಯಲ್ಲಿ ತರಿಸಿದ. ಮೂಲದ ಕ್ರಿಯಾಪದ ಅಲ್ಲಿ ಕರ್ಮಣಿಯಲ್ಲಿದೆ, ತರಲ್ಪಡಲಿ ಎಂದು. ಆದ್ದರಿಂದ ಅವನ ಸಂತತಿಗೆ ಮರಳುಗಾಡಿನಲ್ಲಿ ರೊಟ್ಟಿಯನ್ನು ದೇವರು ನೇರವಾಗಿ ಸುರಿಸಿದ, ನೀರನ್ನು ಮಾತ್ರ ಮೋಶೆಯ ಕೋಲಿನ ಏಟಿನಿಂದ, ಅಂದರೆ ಇನ್ನೊಬ್ಬನ ಕೈಯಿಂದ, ಕೊಡಿಸಿದ ಎಂದು ತಾಲ್ಮೂದ್ ಲೆಕ್ಕ ಹೊಂದಿಸುತ್ತದೆ.

ಇದೇ ಪ್ರಸಂಗದಲ್ಲಿ, ರೊಟ್ಟಿ ಮಾಡಿದ ಅಬ್ರಹಾಮನ ಹೆಂಡತಿ ಸಾರಳ ಮೇಲೊಂದು ಆಕ್ಷೇಪವೂ ಬರುತ್ತದೆ. ಒಂದೇ ವಾಕ್ಯದಲ್ಲಿ ಮೊದಲು ಸಾಧಾರಣ ಹಿಟ್ಟು ಎಂಬ ಪದ, ಪಕ್ಕದಲ್ಲೇ ನಯವಾದ ಹಿಟ್ಟು ಎಂಬ ಪದ. ರಬ್ಬಿ ಯಿತ್ಸಾಕ್ ಇದನ್ನು ಹಿಡಿದು, ಅತಿಥಿಗಳ ವಿಷಯದಲ್ಲಿ ಹೆಂಗಸಿನ ಕಣ್ಣು ಗಂಡಸಿನದಕ್ಕಿಂತ ಇಕ್ಕಟ್ಟು ಎಂದ. ಈ ಮಾತು ಎಷ್ಟು ಹಳೆಯದಾದರೂ ನ್ಯಾಯವಾದದ್ದಲ್ಲ, ಮತ್ತು ಅದಕ್ಕೆ ಉತ್ತರ ಆ ಪರಂಪರೆಯ ಒಳಗೇ ಇದೆ. ಸಾರಳು ಇರುವವರೆಗೆ ಗುಡಾರದ ಬಾಗಿಲುಗಳು ಅಗಲವಾಗಿ ತೆರೆದಿದ್ದವು, ಅವಳು ಸತ್ತಾಗ ಮುಚ್ಚಿದವು, ಸೊಸೆ ರೆಬೆಕ್ಕಳು ಬಂದಾಗ ಮತ್ತೆ ತೆರೆದವು ಎನ್ನುತ್ತದೆ ಬೆರೇಶೀತ್ ರಬ್ಬಾ. ಬಂದ ಅತಿಥಿ ಎಂಥವನೆಂದು ಗಂಡಸಿಗಿಂತ ಹೆಂಗಸು ಚೆನ್ನಾಗಿ ಬಲ್ಲಳು ಎಂದು ಬೆರಾಖೋತ್ ಸಂಪುಟ, ಪ್ರವಾದಿಗೆ ಆತಿಥ್ಯ ನೀಡಿದ ಶೂನೇಮಿನ ಹೆಂಗಸನ್ನು ನೆನೆದು ಹೇಳುತ್ತದೆ. ತಾಲ್ಮೂದಿನ ಇನ್ನೊಂದು ಕಥೆಯಲ್ಲಿ, ಮಳೆಗಾಗಿ ಗಂಡಹೆಂಡಿರಿಬ್ಬರೂ ಪ್ರಾರ್ಥಿಸಿದಾಗ ಅಬ್ಬಾ ಹಿಲ್ಕೀಯ ಎಂಬ ಸಂತನ ಹೆಂಡತಿ ನಿಂತ ದಿಕ್ಕಿನಿಂದಲೇ ಮೊದಲು ಮೋಡ ಎದ್ದಿತಂತೆ. ಕಾರಣ, ಮನೆಯಲ್ಲಿರುವ ಅವಳು ಬಡವನ ಕೈಗೆ ನೇರವಾಗಿ ರೊಟ್ಟಿಯನ್ನೇ ಇಡುತ್ತಿದ್ದಳು.

ಕಡಿಮೆ ಹೇಳಿ ಹೆಚ್ಚು ಮಾಡಿದವನ ಎದುರಿಗೆ ತಾಲ್ಮೂದ್ ನಿಲ್ಲಿಸುವವನು ಎಫ್ರೋನ. 127ನೆಯ ವರ್ಷದಲ್ಲಿ ಸಾರಳು ತೀರಿಕೊಂಡಳು. ಶವಸಂಸ್ಕಾರಕ್ಕೆ ಮಕ್ಪೇಲದ ಗವಿಯನ್ನು ಕ್ರಯಕ್ಕೆ ಕೇಳಿದ ಅಬ್ರಹಾಮನಿಗೆ ಹಿತ್ತಿಯನಾದ ಎಫ್ರೋನ ಊರವರೆಲ್ಲರ ಮುಂದೆ ಹೊಲವನ್ನೂ ಗವಿಯನ್ನೂ ಸುಮ್ಮನೆ ಕೊಟ್ಟೆನೆಂದು ಸಾರಿದ. ಅಬ್ರಹಾಮ ಒಪ್ಪದೆ ಬೆಲೆ ಕೊಡಲು ಮುಂದಾದಾಗ ಮಾತಿನ ಮಧ್ಯೆ 400 ಶೆಕೆಲ್ ಬೆಳ್ಳಿಯ ಮೊತ್ತ ಹೊರಬಂತು. ನಮ್ಮಿಬ್ಬರ ನಡುವೆ ಅದೇನು ದೊಡ್ಡದು ಎಂಬ ಒಗ್ಗರಣೆಯೊಂದಿಗೆ. ಪ್ರವಾದಿ ಯೆರೆಮೀಯ ಅನಾತೋತಿನಲ್ಲಿ ಒಂದು ಹೊಲವನ್ನು 17 ಶೆಕೆಲಿಗೆ ಕೊಂಡದ್ದನ್ನು ಬೈಬಲೇ ಹೇಳುತ್ತದೆ. ಕಾಲವೂ ನೆಲವೂ ಬೇರೆಯಾದರೂ ಈ ಎರಡು ಮೊತ್ತಗಳನ್ನು ಪಕ್ಕದಲ್ಲಿಟ್ಟು ನೋಡುವ ಮನಸ್ಸಾಗುತ್ತದೆ. ಅದೂ ಸಾಲದೆ, ಎಲ್ಲ ಊರಿನ ವರ್ತಕರ ಕೈಯಲ್ಲೂ ಚಲಾವಣೆಯಾಗುವ ದೊಡ್ಡ ತೂಕದ ಶೆಕೆಲನ್ನೇ ಎಫ್ರೋನ ಎಣಿಸಿಕೊಂಡ ಎನ್ನುತ್ತದೆ ತಾಲ್ಮೂದ್. ರಬ್ಬಿ ಎಲಾಜಾರನ ನಿಯಮದ ಉತ್ತರಾರ್ಧ ಇವನಿಗೆ ಸೇರಿದ್ದು: ದುರ್ಜನರು ಬಹಳ ಹೇಳುತ್ತಾರೆ, ಸ್ವಲ್ಪವನ್ನೂ ಮಾಡುವುದಿಲ್ಲ.

ಅಬ್ರಹಾಮ ಬೆಳ್ಳಿ ತೂಗಿಕೊಟ್ಟ ವಾಕ್ಯದಲ್ಲಿ ಎಫ್ರೋನನ ಹೆಸರು ಒಂದು ಅಕ್ಷರ ಕಡಿಮೆಯಾಗಿ ಬರೆಯಲ್ಪಟ್ಟಿದೆ. ವಾವ್ ಎಂಬ ಅಕ್ಷರ ಅಲ್ಲಿಲ್ಲ. ಲಿಪಿಕಾರರು ಇಂದಿಗೂ ತೋರಾ ಸುರುಳಿಗಳಲ್ಲಿ ಅದನ್ನು ಹಾಗೆಯೇ ಬರೆಯುತ್ತಾರೆ. ಹಣ ಕೈಸೇರಿದ ಗಳಿಗೆಯಲ್ಲೇ ಮನುಷ್ಯ ಕುಗ್ಗಿದ ಎಂಬುದು ಹಳೆಯ ವಿವರಣೆ. ಹೀಬ್ರೂ ಅಕ್ಷರಗಳಿಗೆ ಸಂಖ್ಯೆಯ ಬೆಲೆ ಇರುವುದರಿಂದ ಇನ್ನೊಂದು ಲೆಕ್ಕವೂ ಸಾಧ್ಯ: ಕುಂದಿದ ಹೆಸರಿನ ನಾಲ್ಕು ಅಕ್ಷರಗಳು 70, 80, 200 ಮತ್ತು 50, ಒಟ್ಟು 400. ಕೆಟ್ಟ ಕಣ್ಣಿನವನು ಎಂಬರ್ಥದ ರ ಅಯಿನ್ ಪದಗಳನ್ನು ಕೂಡಿದರೂ 270ಕ್ಕೆ 130 ಸೇರಿ ಅದೇ 400. ಹಣದ ಮೊತ್ತ, ಮನುಷ್ಯನ ಹೆಸರು, ಅವನ ಕಣ್ಣು ಮೂರೂ ಒಂದೇ ಸಂಖ್ಯೆಗೆ ಬಂದು ನಿಲ್ಲುತ್ತವೆ.

ಎಫ್ರೋನನದು ಬಾಯುಪಚಾರ. ಇಂಥ ಉಪಚಾರವನ್ನು ತಾಲ್ಮೂದ್ ಬರೀ ಅಸಭ್ಯತೆ ಎಂದು ಬಿಡುವುದಿಲ್ಲ, ಕಳವಿನ ಸಾಲಿಗೆ ಸೇರಿಸುತ್ತದೆ. ಹುಲ್ಲೀನ್ ಸಂಪುಟದಲ್ಲಿ ರಬ್ಬಿ ಮೇಯಿರನ ವಿಧಿ ಹೀಗಿದೆ: ಉಣ್ಣುವುದಿಲ್ಲವೆಂದು ಗೊತ್ತಿದ್ದೂ ಒಬ್ಬನನ್ನು ಊಟಕ್ಕೆ ಒತ್ತಾಯಿಸಬಾರದು, ತೆಗೆದುಕೊಳ್ಳುವುದಿಲ್ಲವೆಂದು ಗೊತ್ತಿದ್ದೂ ಉಡುಗೊರೆಗಳನ್ನು ಮುಂದೊಡ್ಡಬಾರದು, ಹೇಗಿದ್ದರೂ ಅಂಗಡಿಯವನಿಗೆ ಮಾರಿಯಾದ ದ್ರಾಕ್ಷಾರಸದ ಪೀಪಾಯಿಯನ್ನು ಅತಿಥಿಗೋಸ್ಕರವೇ ತೆರೆದಂತೆ ನಟಿಸಬಾರದು, ಎಣ್ಣೆ ಹಚ್ಚಿಕೊಳ್ಳಿ ಎಂದು ಬರಿದಾದ ಕುಡಿಕೆಯನ್ನು ಚಾಚಬಾರದು. ಕೊಡದೆಯೇ ಇನ್ನೊಬ್ಬನ ಕೃತಜ್ಞತೆಯನ್ನು ಕಿತ್ತುಕೊಳ್ಳುವುದು ಮನಸ್ಸಿನ ಕಳವು, ಗೆನೇವತ್ ದಅತ್. ಅಬ್ಬಾ ಹಿಲ್ಕೀಯನ ಕಥೆ ಇದರ ಇನ್ನೊಂದು ಬದಿ. ಮಳೆಗಾಗಿ ಪ್ರಾರ್ಥಿಸಬೇಕೆಂದು ಕೇಳಲು ಇಬ್ಬರು ವಿದ್ವಾಂಸರು ಮನೆಗೆ ಬಂದಾಗ ಅವನು ಹೆಂಡತಿ ಮಕ್ಕಳೊಡನೆ ರೊಟ್ಟಿಗೆ ಕುಳಿತ, ಬಂದವರನ್ನು ಬನ್ನಿ ಎಂದೂ ಅನ್ನಲಿಲ್ಲ. ಆಮೇಲೆ ಕಾರಣ ಹೇಳಿದ: ಎಲ್ಲರಿಗೂ ಸಾಲುವಷ್ಟು ರೊಟ್ಟಿ ಇರಲಿಲ್ಲ, ಬಿಟ್ಟಿ ಉಪಕಾರದ ಭಾರ ಅವರ ಮೇಲೆ ಹೊರಿಸುವ ಇಷ್ಟ ಅವನಿಗಿರಲಿಲ್ಲ. ಕರೆಯದೆ ಇದ್ದವನು ಸಂತನಾಗಿಯೂ ಊರ ಮುಂದೆ ದಾನ ಸಾರಿದವನು ಕ್ಷುದ್ರನಾಗಿಯೂ ಉಳಿದದ್ದು ಈ ಅಳತೆಗೋಲಿನ ಸೂಕ್ಷ್ಮವನ್ನು ತೋರಿಸುತ್ತದೆ.

ಅಳೆಯಲ್ಪಡುವವನು ಅತಿಥಿಯೂ ಹೌದು. ಮಮ್ರೆಯಲ್ಲಿ ಉಂಡವರು ದೂತರು, ಅವರಿಗೆ ಹಸಿವಿಲ್ಲ. ಆದರೂ ಉಂಡಂತೆ ತೋರಿಸಿಕೊಂಡರು, ಏಕೆಂದರೆ ಹೋದ ಊರಿನ ನಡವಳಿಕೆಯನ್ನು ಮುರಿಯಬಾರದು. ಬೆನ್ ಜೋಮಾ ಎಂಬ ಗುರು ಇಬ್ಬರು ಅತಿಥಿಗಳನ್ನು ಬಣ್ಣಿಸಿದ. ಒಬ್ಬ, ಮನೆಯವನು ತನಗಾಗಿಯೇ ಇಷ್ಟೆಲ್ಲ ಪಾಡುಪಟ್ಟನಲ್ಲ ಎಂದು ನೆನೆಯುತ್ತಾನೆ. ಇನ್ನೊಬ್ಬ ತಾನು ತಿಂದದ್ದು ಒಂದು ರೊಟ್ಟಿ, ಒಂದು ಮಾಂಸದ ತುಂಡು, ಕುಡಿದದ್ದು ಒಂದು ಬಟ್ಟಲು, ಉಳಿದದ್ದೆಲ್ಲ ಅವನು ಮಾಡಿದ್ದು ಅವನ ಹೆಂಡತಿ ಮಕ್ಕಳಿಗೆ ಎನ್ನುತ್ತಾನೆ. ಇಕ್ಕಟ್ಟಾದ ಕಣ್ಣು ಜಗಲಿಯ ಎರಡೂ ಬದಿಯಲ್ಲಿ ಇರಬಹುದು.

ಸೊದೋಮಿನ ಪಾಪವನ್ನು ಲೋಕ ಸಾಮಾನ್ಯವಾಗಿ ಕಾಮದ ವಿಕೃತಿಯೆಂದೇ ನೆನೆಯುತ್ತದೆ. ಪ್ರವಾದಿ ಯೆಹೆಜ್ಕೇಲ ಮಾತ್ರ 16ನೆಯ ಅಧ್ಯಾಯದಲ್ಲಿ ಆ ಊರಿನ ಅಪರಾಧಪಟ್ಟಿಯನ್ನು ಬೇರೆಯದೇ ಆಗಿ ಕೊಡುತ್ತಾನೆ: ಗರ್ವ, ಹೊಟ್ಟೆತುಂಬ ಅನ್ನ, ನಿಶ್ಚಿಂತೆ, ಮತ್ತು ಇಷ್ಟೆಲ್ಲ ಇದ್ದೂ ಬಡವನ ಕೈಹಿಡಿಯದಿರುವುದು. ತಾಲ್ಮೂದಿನ ಸಾನ್ಹೆದ್ರೀನ್ ಸಂಪುಟ ಈ ದಾರಿಯಲ್ಲೇ ನಡೆಯುತ್ತದೆ. ಅನ್ನ ಬೆಳೆಯುವ ನೆಲ, ಚಿನ್ನದ ಧೂಳಿನ ಮಣ್ಣು ತಮ್ಮದಾಗಿರುವಾಗ, ಬಂದು ತಮ್ಮ ಸೊತ್ತನ್ನು ಕರಗಿಸುವ ದಾರಿಹೋಕರು ತಮಗೇಕೆ ಎಂದು ಸೊದೋಮಿನವರು ಕಾಲುದಾರಿಯ ನೆನಪೇ ಅಳಿಯುವಂತೆ ಕಟ್ಟುಮಾಡಿದರು. ನಹ್ಮನಿಡಿಸ್ ಇದಕ್ಕೆ ರಾಜಕೀಯವಾದ ವಿವರಣೆ ಕೊಡುತ್ತಾನೆ: ತಮ್ಮ ನಾಡು ದೇವರ ತೋಟದಂತಿರುವುದರಿಂದ ಹೊರಗಿನವರು ತಂಡತಂಡವಾಗಿ ಬರುತ್ತಾರೆಂಬ ಭಯ ಅವರದಾಗಿತ್ತು, ಅತಿಥಿಗಳ ಮೇಲಿನ ದಾಳಿಯ ಉದ್ದೇಶ ಬರುವವರ ಕಾಲನ್ನು ಕಡಿಯುವುದೇ ಆಗಿತ್ತು.

ಸಾನ್ಹೆದ್ರೀನಿನ ಕಥೆಗಳನ್ನು ಒಮ್ಮೆ ಓದಿದವರು ಮರೆಯುವುದಿಲ್ಲ. ಊರಿನಲ್ಲಿ ಅತಿಥಿಗಳಿಗೆಂದೇ ಮಂಚವಿತ್ತು; ಮಲಗಿದವನು ಉದ್ದವಾದರೆ ಕತ್ತರಿಸುತ್ತಿದ್ದರು, ಗಿಡ್ಡನಾದರೆ ಎಳೆಯುತ್ತಿದ್ದರು. ಭಿಕ್ಷುಕ ಬಂದರೆ ಪ್ರತಿಯೊಬ್ಬನೂ ತನ್ನ ಹೆಸರು ಬರೆದ ಒಂದು ದಿನಾರನ್ನು ಕೊಡುತ್ತಿದ್ದ. ರೊಟ್ಟಿಯನ್ನು ಮಾತ್ರ ಯಾರೂ ಮಾರುತ್ತಿರಲಿಲ್ಲ. ಕೈತುಂಬ ನಾಣ್ಯ ಇಟ್ಟುಕೊಂಡು ಅವನು ಹಸಿದು ಸತ್ತಾಗ ಒಬ್ಬೊಬ್ಬರೂ ಬಂದು ಹೆಸರು ನೋಡಿ ತಮ್ಮ ತಮ್ಮ ನಾಣ್ಯ ತೆಗೆದುಕೊಂಡು ಹೋಗುತ್ತಿದ್ದರು. ಒಬ್ಬ ಹುಡುಗಿ ನೀರಿನ ಕೊಡದಲ್ಲಿ ರೊಟ್ಟಿ ಬಚ್ಚಿಟ್ಟು ಒಬ್ಬ ಬಡವನಿಗೆ ಕೊಡುತ್ತಿದ್ದದ್ದು ಬಯಲಾಯಿತು. ಅವಳ ಮೈಗೆ ಜೇನು ಸವರಿ ಗೋಡೆಯ ಮೇಲೆ ನಿಲ್ಲಿಸಿದರು. ಹುಳುಗಳು ಬಂದು ಕೊಂದವು. ಸೊದೋಮಿನಿಂದ ಎದ್ದು ದೇವರಿಗೆ ಮುಟ್ಟಿತೆಂದು ತೋರಾ ಹೇಳುವ ಕೂಗು ಮೂಲದಲ್ಲಿ ಸ್ತ್ರೀಲಿಂಗದ ಏಕವಚನದಲ್ಲಿದೆ, ಅವಳ ಕೂಗು ಎಂದು. ವ್ಯಾಕರಣದಲ್ಲಿ ಅದು ಪಟ್ಟಣವನ್ನು ಸೂಚಿಸುವ ರೂಪ. ವ್ಯಾಖ್ಯಾನಕಾರರ ಕಿವಿಗೆ ಅದು ಆ ಹುಡುಗಿಯದು. ಈ ಕಥೆಗಳಲ್ಲಿ ಭಯಂಕರವಾದದ್ದು ಕ್ರೌರ್ಯದ ಅಳತೆಗಿಂತ ಅದರ ವ್ಯವಸ್ಥೆ. ಎಫ್ರೋನನ ಜಿಪುಣತನ ನಾಚಿಕೊಂಡು ಸೌಜನ್ಯದ ಬಟ್ಟೆ ಹೊದ್ದಿತ್ತು. ಸೊದೋಮಿನಲ್ಲಿ ಅದು ಊರಿನ ಕಾನೂನು, ಮತ್ತು ಅನ್ನ ಕೊಟ್ಟವನು ಅಪರಾಧಿ.

ಆ ಊರಿನಲ್ಲಿ ಬಾಗಿಲು ತೆರೆದ ಲೋಟ ಅಬ್ರಹಾಮನ ಅಣ್ಣತಮ್ಮಂದಿರಲ್ಲಿ ಒಬ್ಬನ ಮಗ. ಅಬ್ರಹಾಮನ ಮನೆಯಲ್ಲಿ ಕಲಿತದ್ದು ಅವನಲ್ಲಿ ಉಳಿದಿತ್ತು. ಆದರೆ ಅವನ ಭಯವೂ ರಾಶಿಗೆ ಕಾಣುತ್ತದೆ. ಅಬ್ರಹಾಮ ಮೊದಲು ಕಾಲ್ತೊಳೆಯಲು ಹೇಳಿದ; ಲೋಟ ಮೊದಲು ತಂಗಲು, ಆಮೇಲೆ ತೊಳೆಯಲು ಹೇಳಿದ. ಕಾಲಿನ ಧೂಳು ಹಾಗೇ ಇದ್ದರೆ, ಯಾರಾದರೂ ನುಗ್ಗಿ ಬಂದರೂ ಇವರು ಈಗಷ್ಟೇ ಬಂದವರೆಂದು ನಂಬಿಸಬಹುದಲ್ಲ. ಅತಿಥಿಗಳಿಗೆ ಒಂದಿಷ್ಟು ಉಪ್ಪು ಕೊಡೆಂದು ಲೋಟ ಹೇಳಿದಾಗ ಅವನ ಹೆಂಡತಿ, ಈ ಕೆಟ್ಟ ಪದ್ಧತಿಯನ್ನೂ ಇಲ್ಲಿ ತರಬೇಕೆ ಎಂದು ಸಿಡುಕಿದಳಂತೆ. ಬೆರೇಶೀತ್ ರಬ್ಬಾದ ಪಾಠ ಇನ್ನೂ ಕುಟಿಲ: ಅವಳು ಮನೆಮನೆಗೆ ಹೋಗಿ ನೆಂಟರು ಬಂದಿದ್ದಾರೆ, ಉಪ್ಪು ಕೊಡಿ ಎಂದು ಕೇಳಿ ಸುದ್ದಿಯನ್ನು ಊರಿಗೆಲ್ಲ ಹರಡಿದಳು. ಅವಳು ಕೊನೆಗೆ ಉಪ್ಪಿನ ಕಂಬವಾದದ್ದಕ್ಕೆ ವ್ಯಾಖ್ಯಾನಕಾರರು ಕೊಡುವ ಕಾರಣ ಇದೇ.

ಲೋಟನನ್ನು ಹೊಗಳಿ ಅಲ್ಲಿಗೇ ಬಿಡಲು ಸಾಧ್ಯವಿಲ್ಲ. ಗುಂಪಿನಿಂದ ಅತಿಥಿಗಳನ್ನು ಉಳಿಸಲು ಅವನು ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಹೊರಗೆ ಕೊಡುತ್ತೇನೆಂದ. ಹೊಗಳಲು ಹೊರಟಲ್ಲಿಯೇ ಈ ಮನುಷ್ಯನ ಕೀಳುತನ ಎದುರಾಗುತ್ತದೆ ಎಂದು ನಹ್ಮನಿಡಿಸ್ ನೇರವಾಗಿ ಬರೆದಿದ್ದಾನೆ. ಲೋಕದಲ್ಲಿ ತಂದೆ ಮಕ್ಕಳಿಗಾಗಿ ತಾನು ಸಾಯುತ್ತಾನೆ, ಇವನು ಅವರನ್ನೇ ಒಪ್ಪಿಸಲು ಹೋದ ಎಂಬ ಸಿಟ್ಟು ಮಿದ್ರಾಷ್ ತನ್ಹೂಮಾ ಎಂಬ ವ್ಯಾಖ್ಯಾನದಲ್ಲಿದೆ. ಬೇರೆಯವರ ಮೈಯನ್ನು ಬೆಲೆಯಾಗಿ ಕೊಡುವ ಆತಿಥ್ಯವನ್ನು ಈ ಪರಂಪರೆ ಆತಿಥ್ಯವೆಂದು ಒಪ್ಪುವುದಿಲ್ಲ.

ಸೊದೋಮಿನ ಗುಣ ಎಂಬುದು ಮುಂದೆ ಕಾನೂನಿನ ಪರಿಭಾಷೆಯಾಯಿತು. ನನ್ನದು ನನಗೆ, ನಿನ್ನದು ನಿನಗೆ ಎಂಬ ಮನೋಭಾವ ಸಾಧಾರಣ ಗುಣವೆಂದು ಮಿಶ್ನಾ ಹೇಳಿ, ಅದು ಸೊದೋಮಿನ ಗುಣವೆಂಬ ಕೆಲವರ ಮತವನ್ನೂ ದಾಖಲಿಸುತ್ತದೆ. ಒಬ್ಬನಿಗೆ ಲಾಭ, ಇನ್ನೊಬ್ಬನಿಗೆ ಏನೂ ನಷ್ಟವಿಲ್ಲ ಎಂಬಲ್ಲಿ ಹಟಹಿಡಿಯುವವನನ್ನು ನ್ಯಾಯಾಲಯ ಬಲವಂತಪಡಿಸಬಹುದು ಎಂಬ ತತ್ವ ತಾಲ್ಮೂದಿನಲ್ಲಿದೆ. ಅಣ್ಣತಮ್ಮಂದಿರ ಪಾಲಿನಲ್ಲಿ ಒಬ್ಬ ತಾನು ಮೊದಲೇ ಕೊಂಡ ಹೊಲಕ್ಕೆ ಹೊಂದಿದ ಭಾಗವನ್ನೇ ಕೇಳಿದರೆ ಕೊಡಬೇಕೆಂದು ರಬ್ಬಾ ಎಂಬ ಗುರು ಈ ತತ್ವದಡಿ ಹೇಳಿದ. ಆ ಭಾಗಕ್ಕೆ ಹೆಚ್ಚಿನ ಬೆಲೆ ಕೇಳುವ ಹಕ್ಕು ಉಳಿದವರಿಗಿದೆ ಎಂದು ರವ್ ಯೋಸೆಫ್ ತಡೆದ. ತತ್ವದ ಬಗ್ಗೆ ಜಗಳವಿಲ್ಲ. ಏನೂ ನಷ್ಟವಿಲ್ಲ ಎಂಬುದು ಎಲ್ಲಿ ನಿಜ ಎಂಬಲ್ಲಿ ಜಗಳ.

ಮನೆಯೊಳಗಿನ ಸಣ್ಣ ಜಿಪುಣತನಕ್ಕೆ ಯಾಜಕಕಾಂಡದ 14ನೆಯ ಅಧ್ಯಾಯದಲ್ಲಿ ಒಂದು ಚಿತ್ರವಿದೆ. ಗೋಡೆಯಲ್ಲಿ ಹಸಿರು ಅಥವಾ ಕೆಂಪು ಮಚ್ಚೆ ಕಂಡರೆ ಯಾಜಕ ಬಂದು ನೋಡುವ ಮೊದಲು ಮನೆಯ ಸಾಮಾನನ್ನೆಲ್ಲ ಹೊರಕ್ಕೆ ಹಾಕಬೇಕು. ತಾಲ್ಮೂದಿನ ಯೋಮಾ ಸಂಪುಟದ ಓದಿನಲ್ಲಿ ಈ ಮನೆಯವನು ನೆರೆಯವರು ಪಾತ್ರೆ ಕೇಳಿದಾಗಲೆಲ್ಲ ಇಲ್ಲ ಎಂದವನು. ಈಗ ಆ ಪಾತ್ರೆಗಳೆಲ್ಲ ಬೀದಿಯಲ್ಲಿ ಬಿಸಿಲಿಗೆ ಹರಡಿವೆ, ನೆರೆಯವರು ನೋಡುತ್ತಿದ್ದಾರೆ.

ಒಂದು ತುತ್ತಿನ ತೂಕ ಎಷ್ಟೆಂದು ತಿಳಿಯಲು ಧರ್ಮೋಪದೇಶಕಾಂಡಕ್ಕೆ ಬರಬೇಕು. ಐಗುಪ್ತದಿಂದ ಬಂದವರನ್ನು ಅನ್ನನೀರಿನೊಡನೆ ಎದುರ್ಗೊಳ್ಳಲಿಲ್ಲವೆಂದು ಅಮ್ಮೋನ್ಯರನ್ನೂ ಮೋವಾಬ್ಯರನ್ನೂ ಅದು ಸಮುದಾಯದಿಂದ ಹೊರಗಿಡುತ್ತದೆ. ಇವರು ಲೋಟನ ಸಂತತಿ. ಅಬ್ರಹಾಮನಿಂದ ಉಳಿದವನ ಮಕ್ಕಳೇ ಅಬ್ರಹಾಮನ ಮಕ್ಕಳಿಗೆ ರೊಟ್ಟಿ ಕೊಡಲಿಲ್ಲ ಎಂಬ ಕೃತಘ್ನತೆಯನ್ನು ನಹ್ಮನಿಡಿಸ್ ಎತ್ತಿ ತೋರಿಸುತ್ತಾನೆ. ಆದರೆ ಗುರುಗಳು ನಿಷೇಧವನ್ನು ಗಂಡಸರಿಗೆ ಮಾತ್ರ ಸೀಮಿತಗೊಳಿಸಿದರು. ದಾರಿಗೆ ಬಂದು ಅನ್ನ ನೀಡುವುದು ಆ ಕಾಲದಲ್ಲಿ ಗಂಡಸರ ಕೆಲಸ, ತಪ್ಪು ಅವರದು ಎಂಬ ವಾದದಿಂದ ಮೋವಾಬ್ಯಳಾದ ರೂತಳಿಗೆ ಬಾಗಿಲು ತೆರೆಯಿತು. ಅವಳ ಮರಿಮಗ ದಾವೀದ ಅರಸನಾದ.

ಆತಿಥ್ಯ ಊಟದ ಎಲೆ ಎತ್ತಿದಾಗ ಮುಗಿಯುವುದಿಲ್ಲ. ಧರ್ಮೋಪದೇಶಕಾಂಡದ 21ನೆಯ ಅಧ್ಯಾಯದ ಪ್ರಕಾರ ಬಯಲಿನಲ್ಲಿ ಕೊಂದವರು ಯಾರೆಂದು ತಿಳಿಯದ ಹೆಣ ಸಿಕ್ಕಿದರೆ ಅತಿ ಹತ್ತಿರದ ಊರನ್ನು ಅಳೆದು ಗುರುತಿಸಿ, ಅಲ್ಲಿನ ಹಿರಿಯರು ಕತ್ತು ಮುರಿದ ಕಡಸಿನ ಮೇಲೆ ಕೈತೊಳೆದು ಈ ರಕ್ತ ಸುರಿಸಿದ್ದು ತಮ್ಮ ಕೈಯಲ್ಲ ಎನ್ನಬೇಕು. ಊರ ಹಿರಿಯರೇ ಕೊಲೆಗಾರರೆಂದು ಯಾರಾದರೂ ಶಂಕಿಸುತ್ತಾರೆಯೇ ಎಂದು ಮಿಶ್ನಾ ಕೇಳುತ್ತದೆ. ಉತ್ತರ: ಆ ಮನುಷ್ಯ ತಮ್ಮಲ್ಲಿಗೆ ಬಂದು ಅನ್ನವಿಲ್ಲದೆ, ಜೊತೆಯಿಲ್ಲದೆ ಹೋಗಲಿಲ್ಲ ಎಂಬುದೇ ಅವರ ಪ್ರಮಾಣ. ಈ ವಿಧಿಗೆ ಕಾರಣರಾಗುವವರು ಇಕ್ಕಟ್ಟಾದ ಕಣ್ಣಿನವರೇ ಎಂದು ರಬ್ಬಿ ಯೆಹೋಶುವಾ ಬೆನ್ ಲೇವಿ ಸ್ಪಷ್ಟಪಡಿಸಿದ. ಹನ್ನೆರಡನೆಯ ಶತಮಾನದಲ್ಲಿ ಮೈಮೊನಿಡಿಸ್ ಕಾನೂನುಗಳನ್ನು ಕ್ರೋಡೀಕರಿಸುವಾಗ, ಅತಿಥಿಗಳನ್ನು ಬೀಳ್ಕೊಡಲು ಜೊತೆಗೆ ನಡೆಯುವುದನ್ನು ಅವರನ್ನು ಕರೆತರುವುದಕ್ಕಿಂತಲೂ ಮೇಲಿಟ್ಟ. ದೂರಗಳೂ ಗೊತ್ತಾಗಿವೆ: ಗುರು ಶಿಷ್ಯನೊಡನೆ ಊರಂಚಿನವರೆಗೆ, ಗೆಳೆಯ ಗೆಳೆಯನೊಡನೆ 2,000 ಮೊಳ. ಊರೊಳಗಾದರೆ 4 ಮೊಳ ನಡೆದರೂ ದಾರಿಯ ಕೇಡು ತಪ್ಪುತ್ತದೆ ಎಂಬ ನಂಬಿಕೆ ಸೋತಾ ಸಂಪುಟದಲ್ಲಿದೆ.

ಮೈಮೊನಿಡಿಸ್ ಈ ಪದ್ಧತಿಯನ್ನು ಹಾಕಿಕೊಟ್ಟವನು ಅಬ್ರಹಾಮನೇ ಎನ್ನುತ್ತಾನೆ. ಮಮ್ರೆಯಲ್ಲಿ ಊಟ ಮುಗಿಸಿ ಮೂವರೂ ಎದ್ದು ಸೊದೋಮಿನ ಕಡೆಗೆ ತಿರುಗಿದಾಗ ಅವರನ್ನು ಕಳಿಸಿಕೊಡಲು ಅವನೂ ಜೊತೆಗೆ ನಡೆದ. ಹಾಗೆ ನಡೆದ ದಾರಿಯಲ್ಲೇ ಅವನಿಗೆ ಸೊದೋಮಿನ ವಿನಾಶದ ಸುದ್ದಿ ತಿಳಿದದ್ದು, ಅಲ್ಲಿಯೇ ನಿಂತು ಅವನು ಅತಿಥಿಗಳನ್ನು ಸಹಿಸದ ಆ ಊರಿಗಾಗಿ 50 ಮಂದಿ ಸಜ್ಜನರಿಂದ 10 ಮಂದಿಯವರೆಗೆ ದೇವರೊಡನೆ ಚೌಕಾಸಿ ಮಾಡಿದ್ದು. ನಡುಹಗಲಿಗೆ ಬಂದಿದ್ದ ದೂತರು ಹೆಬ್ರೋನಿನಿಂದ ಸೊದೋಮಿಗೆ ಹೋಗಲು ಸಂಜೆಯವರೆಗೆ ಬೇಕಿತ್ತೇ ಎಂದು ರಾಶಿ ಕೇಳುತ್ತಾನೆ. ಅವರು ಕರುಣೆಯುಳ್ಳವರಾಗಿದ್ದರು, ಅಬ್ರಹಾಮನ ಮಾತು ಗೆದ್ದೀತೇನೋ ಎಂದು ದಾರಿಯಲ್ಲಿ ಕಾಯುತ್ತ ತಡಮಾಡಿದರು ಎಂಬುದು ಅವನೇ ಕೊಡುವ ಉತ್ತರ.